ಅಘನಾಶಿನಿಯ ಬಳಚು ಜರ್ಮನಿಗೆ ಹೋದ ಕಥೆ (ಸ್ಯಾಂಪಲ್ ಹೊರದೇಶಕ್ಕೆ ಕಳಿಸೋರಿಗೆ ಉಪಯೋಗ ಆಗ್ಬಹುದು)

ಕುಮಟಾ ಹತ್ರದ ಅಘನಾಶಿನಿ ಅಳಿವೆಯಿಂದ ಬಳಚಿನ (ಮರಳಲ್ಲಿ ಹೂತು ಬದುಕೋ, ಎರಡು ಚಿಪ್ಪಿನ ತಿನ್ನೋ ಜೀವಿ) ಮಾಂಸದ ಚೂರು ತೆಗೆದು ಜರ್ಮನಿಯ ಒಂದು ಲ್ಯಾಬಿಗೆ ಕಳಿಸೋದು. ಇಷ್ಟೇ ಕೆಲಸ. ಕೇಳಿದ್ರೆ ಒಂದು ವಾರದ್ದು ಅನ್ನಿಸ್ತದೆ ಅಲ್ವಾ, ನಾವು ಹೋದ ವರ್ಷ ಮಳೆಗಾಲಕ್ಕೆ ಮೊದಲು ಶುರು ಮಾಡಿದ್ದು, ಪಾರ್ಸೆಲ್ ತಲುಪುವಾಗ ಚಳಿಗಾಲ ಮುಗೀತಾ ಬಂದಿತ್ತು. ನಡುವೆ ನಾನು ಓದಿದ ಕಾನೂನು, ಬರೆದ ಅರ್ಜಿ, ಕಾದ ಕಾಯೋದು ನೆನೆಸಿದ್ರೆ ಇದನ್ನ ಕನ್ನಡದಲ್ಲಿ ಯಾರಾದ್ರೂ ಮೊದಲೇ ಬರೆದಿಟ್ಟಿದ್ರೆ ಎಷ್ಟು ಚಲೋ ಇತ್ತು ಅನ್ನಿಸ್ತು, ಅದಕ್ಕೇ ಬರೀತಾ ಇದ್ದೇನೆ. ನಾನು ಕಾರವಾರದಲ್ಲಿ ಮರೈನ್ ಬಯಾಲಜಿ ಕಲಿತವಳು, ಈಗ ಒಂದು ಪ್ರಾಜೆಕ್ಟಿನಲ್ಲಿ ಅಸಿಸ್ಟೆಂಟ್, ಊರು ಕುಮಟಾ ಕಡೆ.

ಮೊದಲು ಕೆಲಸ ಎಂತದ್ದು ಅಂತ ಹೇಳ್ತೆ. ಬಳಚಿನ ಮರಿ ಹುಟ್ಟಿದ ಮೇಲೆ ಸುಮಾರು ಎರಡು ವಾರ ನೀರಲ್ಲಿ ತೇಲ್ತಾ ಇರ್ತದೆ, ಆಮೇಲೆ ಮರಳಿಗೆ ಇಳಿದು ಕೂರ್ತದೆ. ಆ ಎರಡು ವಾರದಲ್ಲಿ ಅದು ಅಳಿವೆ ದಾಟಿ ಸಮುದ್ರಕ್ಕೆ ಹೋಗಿ ಇನ್ನೊಂದು ಅಳಿವೆ ಸೇರ್ತದಾ, ಇಲ್ಲ ಹುಟ್ಟಿದಲ್ಲೇ ಉಳೀತದಾ ಅನ್ನೋದು ಪ್ರಶ್ನೆ. ಅಘನಾಶಿನಿಯ ಬಳಚು ಅಘನಾಶಿನಿಯದ್ದೇ ಆದ್ರೆ ಒಮ್ಮೆ ಖಾಲಿ ಆದ್ಮೇಲೆ ಬೇರೆ ಕಡೆಯಿಂದ ಬಂದು ತುಂಬೋದಿಲ್ಲ. ಕಾಳಿ ಅಳಿವೆಯಿಂದ, ಕೇರಳದಿಂದ ಮರಿ ಬರ್ತದೆ ಅಂತಾದ್ರೆ ಲೆಕ್ಕವೇ ಬೇರೆ. ಎಷ್ಟು ತೆಗೀಬಹುದು, ಯಾವಾಗ ನಿಲ್ಲಿಸ್ಬೇಕು, ಎಲ್ಲ ಇದರ ಮೇಲೆ ನಿಂತದ್ದು. ಕೊಲ್ಲಂ ಹತ್ರದ ಅಷ್ಟಮುಡಿಯಲ್ಲಿ ಬಳಚು ತೆಗೆಯೋದಕ್ಕೆ ಹೀಗೆ ಕಟ್ಟುಪಾಡು ಮಾಡಿಕೊಂಡೇ 2014ರಲ್ಲಿ ಎಂಎಸ್‌ಸಿ (ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್, ಸಂತತಿ ಖಾಲಿ ಆಗದ ಹಾಗೆ ಹಿಡಿಯೋ ಮೀನುಗಾರಿಕೆಗೆ ಕೊಡೋದು) ಸರ್ಟಿಫಿಕೇಟ್ ಸಿಕ್ಕಿದ್ದು, ಭಾರತದ ಮೀನುಗಾರಿಕೆಯಲ್ಲಿ ಅದೇ ಮೊದಲು. ನಮ್ಮ ಅಘನಾಶಿನಿ 2024ರಲ್ಲಿ ರಾಮ್ಸಾರ್ ಅನ್ನೋ ಅಂತಾರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿದೆ, ಬೋರ್ಡೂ ಬಂದಿದೆ, ಬಳಚಿನ ಲೆಕ್ಕ ಮಾತ್ರ ಇನ್ನೂ ಆಗ್ಬೇಕು.

ಇದನ್ನ ಒಬ್ಬರೇ ಮಾಡ್ಲಿಕ್ಕೆ ಬರೋದಿಲ್ಲ. ನಮ್ಮ ಕರಾವಳಿ ಒಂದನ್ನೇ ನೋಡಿದ್ರೆ ಅರ್ಧ ಚಿತ್ರ. ಅರಬ್ಬಿ ಸಮುದ್ರದ ಆಚೆ ದಡದ್ದು, ಶ್ರೀಲಂಕಾದ್ದು ಎಲ್ಲ ಬಳಚಿನ ಡಿಎನ್‌ಎ ಒಂದೇ ಲ್ಯಾಬಲ್ಲಿ ಒಂದೇ ವಿಧಾನದಲ್ಲಿ ನೋಡಿದ್ರೆ ಮಾತ್ರ ಹೋಲಿಸಿ ಹೇಳ್ಬಹುದು. ನಮ್ಮ ಸರ್‌ಗೆ ಜರ್ಮನಿಯ ಒಬ್ಬ ಪ್ರೊಫೆಸರ್ ಪರಿಚಯ, ಅವರು ಆ ಕೆಲಸ ಮಾಡ್ತಾ ಇದ್ರು, ನಮ್ಮದನ್ನೂ ಸೇರಿಸ್ತೇನೆ ಅಂದ್ರು. 2021ರಿಂದ 2030 ವಿಶ್ವಸಂಸ್ಥೆಯ ಸಾಗರ ದಶಕ ಅಂತ ಎಲ್ಲ ಕಡೆ ಪೋಸ್ಟರ್ ನೋಡ್ತೇವಲ್ಲ, ದೇಶ ದೇಶ ಸೇರಿ ಸಮುದ್ರ ವಿಜ್ಞಾನ ಮಾಡ್ಬೇಕು ಅಂತ, ಅದು ನಮ್ಮ ಟೇಬಲ್ಲಿಗೆ ಬಂದಾಗ ಹೀಗೆ ಒಂದು ಮೆಯಿಲ್ ಆಗಿ ಬಂತು: "ಮುಂದಿನ ತಿಂಗಳು ಟಿಶ್ಯೂ ಕಳಿಸ್ತೀರಾ?"

ಮುಂದಿನ ತಿಂಗಳು! ಪಾಪ.

ಸರ್ ಮೊದಲು ಕೇಳಿದ್ದೇ "ಎನ್‌ಬಿಎ ಆಗ್ಬೇಕಲ್ಲ ಇದಕ್ಕೆ" ಅಂತ. ಚೆನ್ನೈಯಲ್ಲಿರೋ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಇಲ್ಲಿಯ ಗಿಡ, ಪ್ರಾಣಿ, ಸೂಕ್ಷ್ಮಜೀವಿ, ಅದರ ಚೂರು ಯಾವುದೇ ಇರ್ಲಿ, ಸಂಶೋಧನೆಗೆ ಅಂತ ದೇಶದ ಹೊರಗೆ ಕಳಿಸೋದಾದ್ರೆ ಅವರ ಒಪ್ಪಿಗೆ ಬೇಕು. ದುಡ್ಡು ಮಾಡೋ ಉದ್ದೇಶ ಇಲ್ಲದಿದ್ರೂ ಬೇಕು. ಎರಡೂ ಕಡೆಯ ಸಂಸ್ಥೆ ಸೇರಿ ಕೇಂದ್ರ ಸರ್ಕಾರದ ಒಪ್ಪಿಗೆ ಪಡೆದ ಜಂಟಿ ಪ್ರಾಜೆಕ್ಟ್ ಆದ್ರೆ ಸೆಕ್ಷನ್ 5ರಲ್ಲಿ ರಿಯಾಯಿತಿ ಇದೆ, ಆದರೆ ನಮ್ಮದು ಪರಿಚಯದ ಮೇಲೆ ಹುಟ್ಟಿದ ಕೆಲಸ, ಆ ದಾರಿ ಇಲ್ಲ. ನಿಮ್ಮದು ಯಾವ ದಾರಿ ಅಂತ ಮೊದಲ ದಿನವೇ ಖಚಿತ ಮಾಡ್ಕೊಳ್ಳಿ, ಫಾರ್ಮ್ ತೆರೆಯೋದಕ್ಕೂ ಮೊದಲು.

ಆಗ ಜರ್ಮನಿಯವರು "ಹಾಗಾದ್ರೆ ನಾವೇ ಬಂದು ತಗೊಂಡು ಹೋಗ್ತೇವೆ" ಅಂದ್ರು. ಅದು ಇನ್ನೂ ಕಷ್ಟ. ವಿದೇಶಿಯರು ಇಲ್ಲಿ ಬಂದು ಸ್ಯಾಂಪಲ್ ಮುಟ್ಲಿಕ್ಕೇ ಎನ್‌ಬಿಎ ಮುಂಗಡ ಒಪ್ಪಿಗೆ ಬೇಕು, ವೀಸಾ ಬೇರೆ ತರದ್ದು ಬೇಕು. ಹಡಗಲ್ಲಿ ಬರೋದಾದ್ರೆ ವಿಶ್ವಸಂಸ್ಥೆಯ ಸಮುದ್ರ ಕಾನೂನು ಪ್ರಕಾರ ಆರು ತಿಂಗಳು ಮೊದಲೇ ಎಲ್ಲ ವಿವರ ಕೊಟ್ಟು ಕೇಳ್ಬೇಕು. ಕಾರವಾರದಂಥ ನೇವಿ ಊರಿನಲ್ಲಿ ಅದರ ಮಾತೇ ಬೇಡ. ನಾವೇ ಅರ್ಗಾ ಕಡೆಯ ಒಂದು ಜಾಗವನ್ನ ಪಟ್ಟಿಯಿಂದ ಮೊದಲೇ ತೆಗೆದು ಹಾಕಿದ್ವಿ, ಅರ್ಜಿಯಲ್ಲಿ ಅಕ್ಷಾಂಶ ರೇಖಾಂಶ ಬರೀಬೇಕಲ್ಲ, ಯಾಕೆ ಸುಮ್ಮನೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗ್ಲಿಕ್ಕೆ ಮನಸ್ಸಿಲ್ಲ. 1959ರಿಂದ 65ರ ತನಕ ಇಂಟರ್‌ನ್ಯಾಶನಲ್ ಇಂಡಿಯನ್ ಓಶನ್ ಎಕ್ಸ್‌ಪೆಡಿಶನ್ ಅಂತ ನಡೀತು, ಬೇರೆ ಬೇರೆ ದೇಶದ ಹಡಗುಗಳು ಹಿಂದೂ ಮಹಾಸಾಗರ ಜಾಲಾಡಿದ್ವು. ಆಗ ಎಲ್ಲ ಹಡಗೂ ಒಂದೇ ಅಳತೆಯ ಬಲೆ ಬಿಟ್ಟು 200 ಮೀಟರ್ ಆಳದಿಂದ ಮೇಲಕ್ಕೆ ಎಳೆದ ಪ್ಲಾಂಕ್ಟನ್ (ನೀರಲ್ಲಿ ತೇಲೋ ಸಣ್ಣ ಜೀವಿಗಳು) ಸ್ಯಾಂಪಲ್ ಎಲ್ಲಿಗೆ ಬರ್ತಿತ್ತು ಗೊತ್ತಾ? ಕೊಚ್ಚಿಗೆ. ಯುನೆಸ್ಕೋ ಸಹಾಯದಿಂದ ಅಲ್ಲಿ ಒಂದು ಕೇಂದ್ರ ಮಾಡಿ, ಸಾವಿರಕ್ಕೂ ಮಿಕ್ಕಿ ಬಾಟಲಿಗಳನ್ನ ನಮ್ಮವರೇ ಕೂತು ಬೇರ್ಪಡಿಸಿ ಹೊರದೇಶದ ತಜ್ಞರಿಗೂ ಕಳಿಸ್ತಾ ಇದ್ರು. ಆ ಎಕ್ಸ್‌ಪೆಡಿಶನ್ನಿನ ಬೆನ್ನಿಗೇ 1966ರ ಜನವರಿ 1ಕ್ಕೆ ನಮ್ಮ ಪಕ್ಕದ ಗೋವಾದ ಎನ್‌ಐಒ (ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ) ಹುಟ್ಟಿದ್ದು. ಹಾಗಾಗಿ ಸ್ಯಾಂಪಲ್ ಗಡಿ ದಾಟೋದು ನಮಗೆ ಹೊಸತೇನಲ್ಲ. 1992ರ ಜೀವವೈವಿಧ್ಯ ಒಪ್ಪಂದ, ಆಮೇಲೆ 2010ರ ನಗೋಯಾ ಪ್ರೋಟೋಕಾಲ್ ಬಂದ ಮೇಲೆ ಒಂದು ದೇಶದ ಜೀವಸಂಪತ್ತಿನ ಮೇಲೆ ಆ ದೇಶಕ್ಕೆ ಹಕ್ಕು, ಲಾಭ ಬಂದ್ರೆ ಪಾಲು ಅನ್ನೋದು ಗಟ್ಟಿ ಆಯ್ತು. ಕಾಗದದ ಮೇಲೆ ಸಿಟ್ಟು ಬಂದಾಗೆಲ್ಲ ನಾನು ಇದನ್ನೇ ನೆನೆಸ್ಕೊಳ್ತಿದ್ದೆ. ಇಲ್ಲಿಯ ಜೀವಿ ತಗೊಂಡು ಹೋಗಿ ಅಲ್ಲಿ ಪೇಪರ್ ಬರೆದು, ಇಲ್ಲಿಯವರ ಹೆಸರು ಕೊನೆಗೆ ಥ್ಯಾಂಕ್ಸ್ ಸಾಲಲ್ಲಿ ಹಾಕೋ ಪದ್ಧತಿ ಎಷ್ಟು ನೋಡಿಲ್ಲ ನಾವು.

ಸರಿ, ಕಾಗದಕ್ಕೆ ಬರ್ತೆ. ಒಬ್ಬ ಸೀನಿಯರ್ ತಮ್ಮ ಹಳೇ ಅರ್ಜಿ ಕೊಟ್ರು, ಒಳ್ಳೇ ಮನಸ್ಸಿಂದಲೇ ಕೊಟ್ಟದ್ದು, ಆದರೆ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿದೆ, 2024ರಲ್ಲಿ ಹೊಸ ರೂಲ್ಸ್ ಬಂದಿದೆ, ಹಳೇ ಪಿಡಿಎಫ್ ಫಾರ್ಮ್ ಹಿಡ್ಕೊಂಡು ಕೂತ್ರೆ ಆಗೋದಿಲ್ಲ. ಎನ್‌ಬಿಎ ಪೋರ್ಟಲ್ಲಿನಲ್ಲಿ ಇವತ್ತು ಯಾವ ಫಾರ್ಮ್ ಇದೆಯೋ ಅದನ್ನೇ ತೆಗೀರಿ. ನಮ್ಮಿಂದ ಹೋದ ಕಾಗದ ಅಂದ್ರೆ ಸಂಸ್ಥೆಯ ಮುಖ್ಯಸ್ಥರ ಪತ್ರ, ಅಲ್ಲಿಯ ಲ್ಯಾಬಿನ ಪತ್ರ, ಪ್ರಾಜೆಕ್ಟ್ ವಿವರ, ಜೀವಿಯ ಹೆಸರು, ಯಾವ ಭಾಗ, ಎಷ್ಟು ಗ್ರಾಂ, ಎಷ್ಟು ವಯಲ್ (ಸ್ಯಾಂಪಲ್ ಇಡೋ ಸಣ್ಣ ಬಾಟಲಿ), ಎಲ್ಲಿಂದ ತೆಗೆದದ್ದು, ಉಳಿದದ್ದನ್ನ ಎಂತ ಮಾಡ್ತೀರಿ, ಮತ್ತೆ ಎಂಟಿಎ ಅಂದ್ರೆ ಮೆಟೀರಿಯಲ್ ಟ್ರಾನ್ಸ್‌ಫರ್ ಅಗ್ರಿಮೆಂಟ್.

ಈ ಎಂಟಿಎ ಒಂದೇ ತಿಂಗಳುಗಟ್ಟಲೆ ತಿಂತು. ಅವರ ಯೂನಿವರ್ಸಿಟಿಯ ಲೀಗಲ್ ವಿಭಾಗದಿಂದ ಬಂದ ಡ್ರಾಫ್ಟಲ್ಲಿ ಎಲ್ಲ ಇತ್ತು, ನಮ್ಮ ಹಕ್ಕಿನ ಮಾತು ಮಾತ್ರ ತೆಳ್ಳಗೆ. ಸರ್ ಕೂತು ಸೇರಿಸಿದ್ರು: ಮೂರನೆಯವರಿಗೆ ಕೊಡೋ ಹಾಗಿಲ್ಲ, ವ್ಯಾಪಾರಕ್ಕೆ ಬಳಸೋ ಹಾಗಿಲ್ಲ, ಪ್ರತಿಯೊಂದರ ಜೋಡಿ ಸ್ಯಾಂಪಲ್ ಇಲ್ಲೇ ಉಳೀಬೇಕು, ಕಚ್ಚಾ ಡೇಟಾ ನಮಗೂ ಬರ್ಬೇಕು, ಪೇಪರಲ್ಲಿ ಇಲ್ಲಿಯವರು ಲೇಖಕರಾಗಿ ಇರ್ಬೇಕು, ಮತ್ತೆ ಫಲಿತಾಂಶದ್ದು ಒಂದು ಪುಟ ಕನ್ನಡದಲ್ಲಿ ಮಾಡಿ ಪಂಚಾಯ್ತಿಗೆ ಕೊಡ್ಬೇಕು. ಕೊನೆಯದನ್ನ ನೋಡಿ ಅವರ ಲೀಗಲ್‌ನವರು ಎಂತಕ್ಕೆ ಅಂತ ಕೇಳಿದ್ರಂತೆ, ಪ್ರೊಫೆಸರೇ ಒಪ್ಪಿಸಿದ್ರು. ಒಳ್ಳೇ ಮನುಷ್ಯ. ಸಹಿ ಹಾಕೋ ಅಧಿಕಾರ ಯಾರಿಗೆ ಅಂತ ನಮ್ಮ ಕಡೆಯ ಆಫೀಸಲ್ಲೇ ಯಾರಿಗೂ ಖಾತ್ರಿ ಇರ್ಲಿಲ್ಲ, ಫೈಲ್ ಒಂದು ಟೇಬಲ್ಲಿಂದ ಇನ್ನೊಂದಕ್ಕೆ ಹೋಗಿ, ಒಬ್ಬರು ರಜೆ, ಇನ್ನೊಬ್ಬರು ಮೀಟಿಂಗು, ಮತ್ತೆ ವಾಪಸ್ ಮೊದಲ ಟೇಬಲ್ಲಿಗೇ ಬಂತು. ನಿಮ್ಮಲ್ಲಿ ಸಹಿದಾರರು ಯಾರು ಅಂತ ಡ್ರಾಫ್ಟ್ ಬರೆಯೋದಕ್ಕೂ ಮೊದಲೇ ಲಿಖಿತದಲ್ಲಿ ಕೇಳಿಟ್ಕೊಳ್ಳಿ.

ಹೆಸರಿನದ್ದೂ ಒಂದು ತಾಪತ್ರಯ. ನಮ್ಮ ಕಡೆ ಎಲ್ಲ ಹಳೇ ಪೇಪರಲ್ಲಿ ಈ ಬಳಚು ಪೇಫಿಯಾ ಮಲಬಾರಿಕಾ. ಈಗ ಒಪ್ಪಿದ ಹೆಸರು ಪ್ರೊಟೇಪಿಸ್ ಗ್ಯಾಲಸ್. ಜರ್ಮನಿಯ ಪತ್ರದಲ್ಲಿ ಹೊಸದು, ನಮ್ಮ ಪ್ರಾಜೆಕ್ಟ್ ವಿವರದಲ್ಲಿ ಹಳೇದು, ಇದು ಎರಡು ಜೀವಿಯಾ ಒಂದಾ ಅಂತ ಪ್ರಶ್ನೆ ಬಂತು, ಬರ್ಲೇಬೇಕು ಬಿಡಿ. ಬೆಲ್ಜಿಯಂನಿಂದ ನಡೆಯೋ ವೋರ್ಮ್ಸ್ ಅನ್ನೋ ಕಡಲಜೀವಿಗಳ ಹೆಸರಿನ ಪಟ್ಟಿ ಇದೆ, ಜಗತ್ತಿನ ತಜ್ಞರು ಸೇರಿ ತಿದ್ದುತಾ ಇರ್ತಾರೆ, ಅದರ ಪುಟ ಪ್ರಿಂಟ್ ತೆಗೆದು ಲಗತ್ತಿಸಿದ್ಮೇಲೆ ಮುಗೀತು. ಎಲ್ಲ ಕಾಗದದಲ್ಲೂ ಹೊಸ ಹೆಸರು, ಪಕ್ಕದಲ್ಲಿ ಹಳೇದು, ಹೀಗೆ ಒಂದೇ ಸಮ ಬರೀರಿ. ಅಂದ ಹಾಗೆ ಹವಳ, ಸೀಹಾರ್ಸ್ ಇಂಥದ್ದು ನಿಮ್ಮದಾದ್ರೆ ಈ ಕಥೆ ಸಾಕಾಗೋದಿಲ್ಲ, ಅದು ವನ್ಯಜೀವಿ ಕಾಯ್ದೆಯ ಕೆಳಗೆ ಬರ್ತದೆ, ಅರಣ್ಯ ಇಲಾಖೆಯಿಂದ ಶುರು ಮಾಡ್ಬೇಕು.

ಆಮೇಲೆ ಪಂಚಾಯ್ತಿ. ಕಾಯ್ದೆಯ ಪ್ರಕಾರ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನ ಪ್ರಾಧಿಕಾರ ಕೇಳ್ಬೇಕು. ನಾವು ಮೊದಲೇ ಹೋಗಿ ವಿಷಯ ಹೇಳಿ ಒಂದು ಪತ್ರ ತಗೊಳ್ಳೋದು ಒಳ್ಳೇದು ಅಂತ ಹೋದ್ವಿ. ಪಿಡಿಒ ನಕ್ಕು "ಬಳಚಿಗೂ ಪರ್ಮಿಶನ್ನಾ ಮೇಡಂ, ದಿನಾ ಬುಟ್ಟಿಗಟ್ಟಲೆ ಗೋವಾಕ್ಕೆ ಹೋಗ್ತದೆ" ಅಂದ್ರು. ಮಾತು ಸುಳ್ಳಲ್ಲ. ತಿನ್ಲಿಕ್ಕೆ ಟನ್ನುಗಟ್ಟಲೆ ಹೋಗೋದಕ್ಕೆ ಯಾವ ಸಹಿಯೂ ಬೇಡ, ಸಂಶೋಧನೆಗೆ ಚಿಟಿಕೆ ಮಾಂಸಕ್ಕೆ ಇಷ್ಟು. ಸಮಿತಿ ಇತ್ತು, ಆದರೆ ಸಭೆ ಸೇರದೆ ಬಹಳ ಕಾಲ ಆಗಿತ್ತು, ಅಧ್ಯಕ್ಷರು ಯಾರು ಅಂತ ರಿಜಿಸ್ಟರ್ ತೆಗೆದು ನೋಡ್ಬೇಕಾಯ್ತು. ಸಭೆ ಕರೀಲಿಕ್ಕೆ ಮಳೆ, ಚೌತಿ, ಮತ್ತೊಂದು ಅಂತ ತಡ ಆಗ್ತಾ ಹೋಯ್ತು. ಸೇರಿದ ದಿನ ಮಾತ್ರ ಚಲೋ ಚರ್ಚೆ ಆಯ್ತು ಮಾರಾಯ್ರೆ. ಮರಳು ತೆಗೆಯೋದರಿಂದ ಬಳಚಿನ ದಿಬ್ಬ ಹೋಯ್ತು ಅಂತ ಒಬ್ಬರು, ಸುಣ್ಣಕ್ಕೆ ಚಿಪ್ಪು ತೆಗೆದದ್ದರಿಂದ ಅಂತ ಇನ್ನೊಬ್ಬರು. ನನ್ನ ಪ್ರಾಜೆಕ್ಟ್ ವಿವರಕ್ಕಿಂತ ಆ ಒಂದು ಗಂಟೆಯ ಮಾತು ನನಗೆ ಜಾಸ್ತಿ ಕಲಿಸ್ತು.

ಅರ್ಜಿ ಹೋದ ಮೇಲೆ ಕಾಯೋದು. ಪೋರ್ಟಲ್ ತೆಗೆಯೋದು, ಸ್ಟೇಟಸ್ ನೋಡೋದು, ಮುಚ್ಚೋದು. ಜರ್ಮನಿಯಿಂದ ವಾರಕ್ಕೊಮ್ಮೆ "ಎನಿ ನ್ಯೂಸ್?" ಅಂತ ಮೆಯಿಲ್, ಅವರ ಗ್ರ್ಯಾಂಟಿನ ಗಡುವು ಹತ್ರ ಬರ್ತಾ ಇತ್ತು. ನನಗೆ ಅವರ ಮೇಲೂ ಬೇಜಾರು, ನಮ್ಮ ಮೇಲೂ ಬೇಜಾರು, ರಾತ್ರಿ ಮಲಗಿದಾಗ ಈ ಕೆಲಸ ಬಿಟ್ಟು ಊರಲ್ಲಿ ಟ್ಯೂಶನ್ ಹೇಳ್ಕೊಂಡು ಇರ್ಲಾ ಅಂತೆಲ್ಲ ಬರ್ತಿತ್ತು. ಒಂದು ದಿನ ಅವರೇ ಬರೆದ್ರು, ಯುರೋಪಿಯನ್ ಯೂನಿಯನ್ನಿನ 511/2014 ಅನ್ನೋ ನಿಯಮ ಇದೆ, ಹೊರದೇಶದ ಜೀವಿ ಮೇಲೆ ಕೆಲಸ ಮಾಡೋರು ಅದು ಕಾನೂನು ಪ್ರಕಾರ ಬಂದದ್ದು ಅಂತ ದಾಖಲೆ ಇಟ್ಕೊಳ್ಬೇಕು, ಹಾಗಾಗಿ ನಿಮ್ಮ ಒಪ್ಪಿಗೆ ಪತ್ರ ಇಲ್ಲದೆ ನಾನು ಬಾಕ್ಸ್ ತೆರೆಯೋ ಹಾಗೂ ಇಲ್ಲ, ನಿಧಾನ ಮಾಡಿ ಅಂತ. ಆಮೇಲೆ ನನಗೆ ಸ್ವಲ್ಪ ಉಸಿರು ಬಂತು. ನಿಮ್ಮ ಪಾರ್ಟ್‌ನರ್‌ಗೆ ಇದನ್ನ ಮೊದಲ ಮೆಯಿಲಲ್ಲೇ ಹೇಳಿಬಿಡಿ, ಅರ್ಧ ಒತ್ತಡ ಕಡಿಮೆ ಆಗ್ತದೆ. ಜೊತೆಗೆ ಅಲ್ಲಿ ಪ್ರಾಣಿ ಮೂಲದ ಸ್ಯಾಂಪಲ್ ಇಳಿಸ್ಲಿಕ್ಕೆ ಅವರ ಕಡೆಯ ಅನುಮತಿ ಪತ್ರವೂ ಬೇಕು, ಅದನ್ನ ಅವರು ಈ ಕಾಯೋ ಸಮಯದಲ್ಲೇ ಮಾಡಿಸ್ಲಿ.

(ಇದೆಲ್ಲ ನಮ್ಮ ದೇಶದ ನೀರಿನ ಮಾತು. 200 ನಾಟಿಕಲ್ ಮೈಲಿನ ಆಚೆ, ಯಾರ ದೇಶದ್ದೂ ಅಲ್ಲದ ತೆರೆದ ಸಮುದ್ರದ ಜೀವಿಗಳಿಗೆ ಬೇರೆ ಒಪ್ಪಂದ, 2023ರಲ್ಲಿ ಆಗಿ 2026ರ ಜನವರಿಯಲ್ಲಿ ಜಾರಿಗೆ ಬಂತು. ಅಲ್ಲಿ ಕೆಲಸ ಮಾಡೋರು ಅದನ್ನ ಓದ್ಕೊಳ್ಳಿ.)

ಮಳೆ ಬಿಟ್ಟ ಮೇಲೆ ಸ್ಯಾಂಪಲ್ ತೆಗೆದ್ವಿ. ಇಲ್ಲಿಯೇ ತೆಗೆದು ಇಟ್ಕೊಳ್ಳಿಕ್ಕೆ ನಮಗೆ ಎನ್‌ಬಿಎ ಒಪ್ಪಿಗೆ ಬೇಡ, ಕಳಿಸ್ಲಿಕ್ಕೆ ಮಾತ್ರ ಬೇಕು. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ನೀರು ಚೆನ್ನಾಗಿ ಇಳೀತದೆ, ಆವಾಗ ಬಳಚು ತೆಗೆಯೋ ಹೆಂಗಸರ ಜೊತೆ ಇಳಿದ್ವಿ. ಅವರು ಸೊಂಟದ ತನಕ ನೀರಲ್ಲಿ ನಿಂತು ಕಾಲಲ್ಲೇ ತಡವಿ ಎಲ್ಲಿದೆ ಅಂತ ಹೇಳ್ತಾರೆ. ನಾನು ಸಣ್ಣದೂ ಬೇಕು ಅಂದಾಗ ಒಬ್ಬರು, "ತಂಗೀ, ಅಷ್ಟು ಸಣ್ಣದು ತಕಂಡು ಎಂತ ಮಾಡ್ತೆ? ಅದ್ರಲ್ಲಿ ಮಾಂಸವೇ ಇಲ್ಲ."

"ಅಕ್ಕ, ಇದು ಎಲ್ಲಿಂದ ಬಂದದ್ದು ಅಂತ ನೋಡ್ಲಿಕ್ಕೆ."

"ಎಲ್ಲಿಂದ ಬರ್ತದೆ? ಇಲ್ಲೇ ಹುಟ್ಟಿದ್ದು."

"ಅದು ಹೌದಾ ಅಂತ್ಲೇ ನೋಡ್ಬೇಕು ಅಕ್ಕ."

"ಹಂಗಾರೆ ನೋಡಿ ಹೇಳು" ಅಂದ್ರು, ಬುಟ್ಟಿಯಿಂದ ಒಂದು ಮುಷ್ಟಿ ಸಣ್ಣದು ಆರಿಸಿ ಕೊಟ್ರು.

ಮಾಂಸ ಇಡೋದು ಶೇಕಡಾ 95ರ ಎಥನಾಲಲ್ಲಿ (ಆಲ್ಕೋಹಾಲ್). ಫಾರ್ಮಲಿನ್ ಹಾಕಿದ್ರೆ ಡಿಎನ್‌ಎ ಹಾಳು. ಕಾಲಿನ ಭಾಗದಿಂದ ಕಡಲೆಕಾಳಿನಷ್ಟು ಕತ್ತರಿಸಿ ಹಾಕೋದು, ಮರುದಿನ ಆ ಎಥನಾಲ್ ಚೆಲ್ಲಿ ಹೊಸದು ತುಂಬ್ಬೇಕು, ಯಾಕಂದ್ರೆ ಮಾಂಸದ ನೀರು ಬಿಟ್ಟು ಅದು ತೆಳು ಆಗಿರ್ತದೆ. ಲೇಬಲ್ ಪೆನ್ಸಿಲ್ಲಲ್ಲೇ ಬರೀರಿ, ಒಳಗೊಂದು ಚೀಟಿ ಹೊರಗೊಂದು, ಪೆನ್ನಿನ ಶಾಯಿ ಎಥನಾಲ್ ತಾಗಿದ್ರೆ ಅಳಿಸಿ ಹೋಗ್ತದೆ. ಎಥನಾಲ್ ಸಿಗೋದೂ ಸುಲಭ ಇಲ್ಲ, ಅಬಕಾರಿ ಪರ್ಮಿಟ್ ಇರೋ ಸಂಸ್ಥೆಯ ಸ್ಟಾಕಿಂದಲೇ ತಗೊಳ್ಬೇಕು, ರಿಜಿಸ್ಟರಲ್ಲಿ ಮಿಲಿಲೀಟರ್ ಲೆಕ್ಕ.

ಒಪ್ಪಿಗೆ ಪತ್ರ ಬಂದ ದಿನ ಡಿಪಾರ್ಟ್‌ಮೆಂಟಲ್ಲಿ ಎಲ್ಲರಿಗೂ ಚಾ, ಬನ್ಸ್ ಕೊಡಿಸಿದೆ. ಕೆಲಸ ಮುಗೀತು ಅಂತ್ಲೇ ತಿಳ್ಕೊಂಡದ್ದು. ಕೊರಿಯರ್ ಬಾಕಿ ಇತ್ತಲ್ಲ!

ಕಾರವಾರದಲ್ಲಿ ಯಾರೂ ಮುಟ್ಲಿಲ್ಲ, ಗೋವಾಕ್ಕೆ ಹೋದ್ವಿ. ಅಲ್ಲಿಯ ಕೌಂಟರಿನವ "ಆಲ್ಕೋಹಾಲ್ ಅಂದ್ರೆ ಡೇಂಜರಸ್ ಗೂಡ್ಸ್, ಆಗೋದಿಲ್ಲ" ಅಂತ ಒಂದೇ ಮಾತು. ಅವನ ಮಾತು ಸಾಮಾನ್ಯ ನಿಯಮಕ್ಕೆ ಸರಿಯೇ. ಆದರೆ ವಿಮಾನದ ಸರಕಿಗೆ ಐಎಟಿಎ (ವಿಮಾನ ಕಂಪನಿಗಳ ಅಂತಾರಾಷ್ಟ್ರೀಯ ಒಕ್ಕೂಟ) ಮಾಡಿದ ನಿಯಮದಲ್ಲಿ ಎ180 ಅಂತ ಒಂದು ವಿಶೇಷ ಅವಕಾಶ ಇದೆ, ಸಂಶೋಧನೆಯ ಸ್ಯಾಂಪಲಿಗೇ ಮಾಡಿದ್ದು. ಒಂದೊಂದು ವಯಲಲ್ಲಿ 30 ಮಿಲಿಲೀಟರಿಗಿಂತ ಹೆಚ್ಚು ದ್ರವ ಇರ್ಬಾರದು, ಅದನ್ನ ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ಮಾಡಿ ಸೀಲ್ ಮಾಡ್ಬೇಕು, ಆ ಚೀಲ ಇನ್ನೊಂದು ಚೀಲದೊಳಗೆ, ನಡುವೆ ದ್ರವ ಹೀರೋ ಹತ್ತಿ ಗಿತ್ತಿ, ಆಮೇಲೆ ಗಟ್ಟಿ ಬಾಕ್ಸು, ಇಡೀ ಬಾಕ್ಸಲ್ಲಿ ಒಟ್ಟು ಒಂದು ಲೀಟರ್ ಮೀರ್ಬಾರದು, ಹೊರಗೆ ಇಂಗ್ಲಿಷಲ್ಲಿ "ಸೈಂಟಿಫಿಕ್ ರಿಸರ್ಚ್ ಸ್ಪೆಸಿಮೆನ್ಸ್, ನಾಟ್ ರಿಸ್ಟ್ರಿಕ್ಟೆಡ್" ಅಂತ ಎ180 ಹೆಸರು ಹಾಕಿ ಬರೀಬೇಕು. ಇಷ್ಟು ಮಾಡಿದ್ರೆ ಅದು ಅಪಾಯದ ಸರಕಲ್ಲ. ಆ ಪುಟ ಪ್ರಿಂಟ್ ತೆಗೆದು ತೋರಿಸಿದ್ರೂ ಅವನಿಗೆ ಧೈರ್ಯ ಬರ್ಲಿಲ್ಲ. ಕೊನೆಗೆ ಲ್ಯಾಬ್ ಸ್ಯಾಂಪಲ್ಲೇ ಸಾಗಿಸೋ ಬೇರೊಂದು ಕಂಪನಿ ಹಿಡಿದ್ವಿ, ಅವರಿಗೆ ಎ180 ಅಂದ್ರೆ ಬಾಯಿಪಾಠ. ದುಬಾರಿ ಮಾತ್ರ, ನಮ್ಮ ಇಡೀ ಫೀಲ್ಡ್ ಕೆಲಸಕ್ಕೆ ಆದ ಖರ್ಚಿಗಿಂತ ಆ ಒಂದು ಬಾಕ್ಸಿಗೆ ಜಾಸ್ತಿ ಆಯ್ತು, ಅದನ್ನ ಬಜೆಟ್ಟಲ್ಲಿ ಯಾರೂ ಹಾಕಿರ್ಲಿಲ್ಲ, ಜರ್ಮನಿಯವರು ಅವರ ಖಾತೆಯಿಂದ ಕಟ್ಟಿದ್ರು. ನೀವು ಪ್ರಾಜೆಕ್ಟ್ ಬರೆಯೋವಾಗಲೇ ಸಾಗಾಟ ಅಂತ ಬೇರೆ ಸಾಲು ಹಾಕಿ.

ಮುಂಬೈ ಕಸ್ಟಮ್ಸಲ್ಲಿ ಬಾಕ್ಸ್ ಮತ್ತೆ ನಿಂತಿತು. ಇನ್‌ವಾಯ್ಸಲ್ಲಿ ಬೆಲೆ ಸೊನ್ನೆ ಬರೆದಿತ್ತು, ಮಾರೋ ವಸ್ತು ಅಲ್ಲ ಅಲ್ವಾ. ಸೊನ್ನೆ ನಡಿಯೋದಿಲ್ಲ, ಕಸ್ಟಮ್ಸ್ ಲೆಕ್ಕಕ್ಕೆ ಮಾತ್ರ ಅಂತ ಬರೆದು ಏನಾದ್ರೂ ಸಣ್ಣ ಬೆಲೆ ಹಾಕ್ಬೇಕು ಅಂದ್ರು. ಹೊಸ ಇನ್‌ವಾಯ್ಸ್, ಹೊಸ ಸಹಿ, ಸೀಲು, ಸ್ಕ್ಯಾನು. ಎನ್‌ಬಿಎ ಪತ್ರ, ಎಂಟಿಎ, ಅಲ್ಲಿಯ ಅನುಮತಿ ಪತ್ರ ಈ ಮೂರೂ ಬಾಕ್ಸಿನ ಹೊರಗೆ ಒಂದು ಸೆಟ್, ಒಳಗೆ ಒಂದು ಸೆಟ್, ನಿಮ್ಮ ಫೋನಲ್ಲಿ ಒಂದು ಸೆಟ್ ಇರ್ಲಿ. ಅವರು ಫೋನ್ ಮಾಡೋದು ನೀವು ಬಸ್ಸಲ್ಲಿ ಇರೋವಾಗಲೇ.

ಬಾಕ್ಸ್ ತಲುಪಿ, ಎಣಿಸಿ ಎಲ್ಲ ವಯಲ್ ಸರಿ ಇದೆ ಅಂತ ಬರೆದಿದ್ದಾರೆ. ಒಂದರಲ್ಲೂ ಸೋರಿಲ್ಲ. ನಮ್ಮ ಜೋಡಿ ಸ್ಯಾಂಪಲ್ ಇಲ್ಲಿ ಫ್ರಿಜ್ಜಲ್ಲಿದೆ, ಸೀಕ್ವೆನ್ಸಿಂಗ್ (ಡಿಎನ್‌ಎ ಓದೋ ಕೆಲಸ) ಶುರು ಮಾಡೋವಾಗ ಆನ್‌ಲೈನಲ್ಲಿ ನನ್ನನ್ನೂ ಕೂರಿಸ್ಕೊಂಡು ಕಲಿಸ್ತೇನೆ ಅಂದಿದ್ದಾರೆ ಅವರು. ಒಪ್ಪಿಗೆ ಸಿಕ್ಕಿದ ಮೇಲೂ ಕೆಲಸ ಎಲ್ಲಿಗೆ ಬಂತು ಅಂತ ಪ್ರಾಧಿಕಾರಕ್ಕೆ ವರದಿ ಕೊಡ್ಬೇಕು, ಅದರ ತಾರೀಕು ಕ್ಯಾಲೆಂಡರಲ್ಲಿ ಗುರುತು ಹಾಕಿಟ್ಟಿದ್ದೇನೆ. ನಮ್ಮ ಎಂಟಿಎ ಡ್ರಾಫ್ಟ್, ಪಂಚಾಯ್ತಿಗೆ ಬರೆದ ಕನ್ನಡ ಪತ್ರ ಯಾರಿಗಾದ್ರೂ ಬೇಕಿದ್ರೆ ಹೇಳಿ, ಹೆಸರು ತೆಗೆದು ಕಳಿಸ್ತೆ. ಮೇ ಒಳಗೆ ಕೇಳಿ, ಮಳೆ ಶುರು ಆದ್ಮೇಲೆ ನಮ್ಮಲ್ಲಿ ಕರೆಂಟೂ ಇರೋದಿಲ್ಲ ನೆಟ್ಟೂ ಇರೋದಿಲ್ಲ.